ಮರೆಯೂ ಅಲಂಕಾರವೂ: ಕನ್ನಂಬಾಡಿಯ ಕಟ್ಟೆ ಮತ್ತು ಬೃಂದಾವನ

1

ಕಣ್ಣಿಗೆ ಒಪ್ಪದ ಕಟ್ಟಡವನ್ನು ಏನು ಮಾಡಬೇಕೆಂಬ ಪ್ರಶ್ನೆ ಶಿಲ್ಪಿಗೂ ತೋಟಗಾರನಿಗೂ ಹಳೆಯದು. ಕೆಡವುವಂತಿಲ್ಲ, ಅದರಿಂದ ಉಪಯೋಗವಿದೆ. ಹಾಗೆಯೇ ಬಿಡುವಂತಿಲ್ಲ, ಅದರಿಂದ ನೋಟ ಕೆಡುತ್ತದೆ. ಆದುದರಿಂದ ಮರೆಮಾಡುವ ಕಲೆಯೊಂದು ಬೆಳೆದುಬಂದಿದೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಹುಟ್ಟಿ ಇಂದು ನಮ್ಮ ನಾಡಿಗೂ ಬಂದಿರುವ ಥೀಮ್ ಪಾರ್ಕ್ ಎಂಬ ವಿಹಾರವನಗಳಲ್ಲಿ ಈ ಕಲೆ ಒಂದು ಶಾಸ್ತ್ರವೇ ಆಗಿದೆ. ಅಲ್ಲಿ ಯಂತ್ರಶಾಲೆ ಕೋಟೆಯಾಗಿ ಕಾಣುತ್ತದೆ; ಉಗ್ರಾಣ ಹಳ್ಳಿಯ ಬೀದಿಯಾಗಿ ಕಾಣುತ್ತದೆ; ತಗಡಿನ ಗೋಡೆ ಬೆಟ್ಟದ ಬಂಡೆಯಾಗಿ ಕಾಣುತ್ತದೆ.

ಈ ಕಲೆಯ ಬೆಲೆಯನ್ನು ಅಳೆಯುವುದಕ್ಕೆ ನಮ್ಮಲ್ಲಿ ಮಾನದಂಡವಿದೆಯೆ? ಇದೆಯೆಂದು ನಾವು ಭಾವಿಸುತ್ತೇವೆ. ಒಂದನ್ನು ಮತ್ತೊಂದರಿಂದ ಮುಚ್ಚುವ, ಒಂದನ್ನು ಮತ್ತೊಂದೆಂದು ಹೇಳುವ ಬಗೆಗಳನ್ನು ನಮ್ಮ ಆಲಂಕಾರಿಕರು ಸೂಕ್ಷ್ಮವಾಗಿ ವಿಂಗಡಿಸಿದ್ದಾರೆ. ಅವರ ವಿವೇಚನೆಯನ್ನು ಹಿಡಿದು, ನಮ್ಮ ಪಕ್ಕದಲ್ಲಿಯೇ ಇರುವ ಒಂದು ಕೃತಿಯನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಆ ಕೃತಿ, ಪಾಂಡವಪುರ ಶ್ರೀರಂಗಪಟ್ಟಣಗಳ ನೆರೆಯಲ್ಲಿ ಕಾವೇರಿಗೆ ಅಡ್ಡಲಾಗಿ ನಿಂತಿರುವ ಕೃಷ್ಣರಾಜಸಾಗರದ ಕಟ್ಟೆ ಮತ್ತು ಅದರ ಕೆಳಗೆ ಹಬ್ಬಿರುವ ಬೃಂದಾವನ. ತೋಟವನ್ನು ಕೃತಿಯೆಂದು ಕರೆಯುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. ಕರ್ತೃವೂ ಉದ್ದೇಶವೂ ರಚನಾಕ್ರಮವೂ ನೋಡುವ ಸಹೃದಯನೂ ಇರುವ ಕಡೆ ವಿಮರ್ಶೆಗೆ ಎಡೆಯಿದ್ದೇ ಇದೆ.

2

ಮೊದಲು ಲಕ್ಷಣಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಪ್ರಕೃತವಾದ ವಸ್ತುವನ್ನು ಅಲ್ಲಗಳೆದು ಆ ಸ್ಥಾನದಲ್ಲಿ ಬೇರೊಂದನ್ನು ಸ್ಥಾಪಿಸುವುದು ಅಪಹ್ನುತಿ. ‘ಇದು ಮುಖವಲ್ಲ, ಚಂದ್ರ’ ಎಂಬುದು ಪಾಠಶಾಲೆಯ ಉದಾಹರಣೆ. ಸಮಾನವಾದ ಗುಣದ ಬಲದಿಂದ ಒಂದು ವಸ್ತು ಮತ್ತೊಂದರಲ್ಲಿ ಅಡಗಿ ಬೇರೆಯಾಗಿ ತೋರದಿದ್ದರೆ ಅದು ಮೀಲಿತ. ಸಹಜವಾಗಿಯೇ ಕೆಂಪಾದ ಪಾದಕ್ಕೆ ಹಚ್ಚಿದ ಅರಗಿನ ರಸ ಯಾರ ಕಣ್ಣಿಗೂ ಬೀಳದು. ಇನ್ನು ರೂಪಕದಲ್ಲಿ ಎರಡು ವಸ್ತುಗಳಿಗೆ ಅಭೇದವನ್ನು ಹೇಳಿದರೂ ಯಾವುದನ್ನೂ ಅಲ್ಲಗಳೆಯುವುದಿಲ್ಲ. ‘ಮುಖಕಮಲ’ ಎಂದಾಗ ಮುಖವೂ ಉಳಿಯುತ್ತದೆ, ಕಮಲವೂ ಅರಳುತ್ತದೆ.

ಈ ಮೂರು ಬಗೆಗಳನ್ನೂ ವಿಹಾರವನಗಳಲ್ಲಿ ಕಾಣಬಹುದು. 1955ರ ಜುಲೈ 17ರಂದು ಕ್ಯಾಲಿಫೋರ್ನಿಯದ ಅನಾಹೈಮಿನಲ್ಲಿ ತೆರೆದ ಡಿಸ್ನಿಲ್ಯಾಂಡಿನ ಸುತ್ತ ಎತ್ತರವಾದ ಮಣ್ಣಿನ ದಿಬ್ಬವನ್ನು ಎಬ್ಬಿಸಿ ಹೊರಗಿನ ಊರು ಒಳಗೆ ಕಾಣದಂತೆ ಮಾಡಿದರು. ಅಲ್ಲಿ 1969ರಲ್ಲಿ ತೆರೆದ ದೆವ್ವದ ಬಂಗಲೆಯ ಯುಕ್ತಿ ಇನ್ನೂ ಕುತೂಹಲಕರವಾದುದು. ನೋಡುವವನಿಗೆ ಕಾಣುವುದು ಒಂದು ಹಳೆಯ ಮನೆ ಮಾತ್ರ. ಆಟದ ಬಹುಭಾಗ ನಡೆಯುವ ದೊಡ್ಡ ಕಟ್ಟಡ ಆ ದಿಬ್ಬದಾಚೆ ಇದೆ. ಪ್ರೇಕ್ಷಕರು ತಮಗರಿವಿಲ್ಲದಂತೆ ಕೆಳಗಿಳಿದು ನೆಲದಡಿಯ ದಾರಿಯಿಂದ ಅಲ್ಲಿಗೆ ಸೇರುತ್ತಾರೆ. ಇದು ಅಪಹ್ನುತಿ. ಮರೆಮಾಡಲಾಗದ ಗೋಡೆ, ಬೇಲಿ, ಬಾಗಿಲುಗಳಿಗೆ ಸುತ್ತಲ ಎಲೆಹಸುರಿನಲ್ಲಿ ಕರಗಿಹೋಗುವಂಥ ಮಂಕು ಹಸುರನ್ನು ಬಳಿಯುವುದೂ ಆ ಸಂಸ್ಥೆಯ ಪದ್ಧತಿ. ಇದು ಮೀಲಿತವಲ್ಲದೆ ಬೇರೆಯಲ್ಲ. ಫ್ಲಾರಿಡದಲ್ಲಿ 1994ರಲ್ಲಿ ಅವರು ಕಟ್ಟಿದ ಎತ್ತರದ ಗೋಪುರವೊಂದು ಪಕ್ಕದ ಉದ್ಯಾನದ ಮೊರಾಕೊ ಮಂಟಪದ ಹಿಂದೆ ಎದ್ದು ಕಾಣುವಂತಿತ್ತು. ಅದನ್ನು ಮುಚ್ಚಲಾರದೆ, ಅದರ ಬಣ್ಣವನ್ನೂ ತಲೆಯ ಆಕಾರವನ್ನೂ ಮೊರಾಕೊದ ಕಟ್ಟಡಗಳಿಗೆ ಹೊಂದುವಂತೆ ತಿದ್ದಿದರು. ದೂರದಿಂದ ನೋಡುವವನಿಗೆ ಅದೂ ಮೊರಾಕೊದ ಒಂದು ಭಾಗವೇ.

ಈ ಕಲೆ ವಿಹಾರವನದ ಬೇಲಿಯೊಳಗೆ ನಿಲ್ಲಲಿಲ್ಲ. 1965ರಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಕೊಲ್ಲಿಯಲ್ಲಿ ಎಣ್ಣೆ ತೆಗೆಯುವುದಕ್ಕಾಗಿ ನಾಲ್ಕು ಕೃತಕ ದ್ವೀಪಗಳನ್ನು ನಿರ್ಮಿಸಿದಾಗ, ಡಿಸ್ನಿಲ್ಯಾಂಡಿನಲ್ಲಿ ಕೆಲಸ ಮಾಡಿದ್ದ ಜೋಸೆಫ್ ಲಿನೆಶ್ ಎಂಬ ಉದ್ಯಾನಶಿಲ್ಪಿ ಅವುಗಳಿಗೆ ವೇಷ ಕಟ್ಟಿದನು. ತಾಳೆಯ ಮರಗಳು, ಜಲಪಾತಗಳು, ಬಣ್ಣದ ಹುಸಿಗೋಪುರಗಳು ಎದ್ದವು. ಎಣ್ಣೆಯ ಯಂತ್ರಗಳು ಅವುಗಳ ಒಳಗೆ ಸೇರಿಕೊಂಡವು. ದಡದಲ್ಲಿ ನಿಂತ ಅಪರಿಚಿತನು ಅವನ್ನು ಶ್ರೀಮಂತರ ವಿಲಾಸಗೃಹಗಳೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಅಪಹ್ನುತಿ ಅಲಂಕಾರವಾಗುವುದು ಕೇಳುವವನಿಗೆ ನಿಜ ಗೊತ್ತಿರುವುದರಿಂದ. ಮುಖವು ಮುಖವೇ ಎಂದು ಬಲ್ಲವನಿಗೆ ಮಾತ್ರ ‘ಮುಖವಲ್ಲ’ ಎಂಬ ಮಾತಿನ ಸೊಗಸು ತಿಳಿಯುತ್ತದೆ. ತಿಳಿಯದವನು ನಂಬಿಬಿಟ್ಟರೆ ಅದು ಅಲಂಕಾರವಲ್ಲ, ವಂಚನೆ. ದೆವ್ವದ ಬಂಗಲೆಗೆ ಹೋಗುವವನು ದುಡ್ಡು ಕೊಟ್ಟು, ತಾನು ಆಟಕ್ಕೆ ಒಪ್ಪಿದ್ದೇನೆಂದು ಬಲ್ಲವನಾಗಿ, ಒಳಗೆ ಹೋಗುತ್ತಾನೆ. ಎಣ್ಣೆಯ ದ್ವೀಪವನ್ನು ದಡದಿಂದ ನೋಡುವವನು ಯಾವ ಆಟಕ್ಕೂ ಒಪ್ಪಿದವನಲ್ಲ. ಮರೆಮಾಡುವ ಯುಕ್ತಿ ಎರಡು ಕಡೆಯೂ ಒಂದೇ ಆದರೂ ಅದರ ಔಚಿತ್ಯ ಒಂದೇ ಅಲ್ಲ.

3

ಈ ದೃಷ್ಟಿಯಿಂದ ಕನ್ನಂಬಾಡಿಗೆ ಬರೋಣ. ಕಟ್ಟೆಯ ಕೆಲಸ 1911ರಲ್ಲಿ ಪ್ರಾರಂಭವಾಯಿತು. ಆಗ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಮರುವರ್ಷ ದಿವಾನರಾದರು. ಕೆಲಸ ಮುಗಿಯುವ ವೇಳೆಗೆ ಎರಡು ದಶಕಗಳು ಸಂದಿದ್ದವು. ಸುಮಾರು 8,600 ಅಡಿ ಉದ್ದ, 130 ಅಡಿ ಎತ್ತರದ ಈ ಗೋಡೆ ಸಿಮೆಂಟಿನದಲ್ಲ. ಕಲ್ಲನ್ನು ಸುರ್ಕಿ ಗಾರೆಯಿಂದ, ಎಂದರೆ ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಗಾರೆಯಿಂದ, ಬೆಸೆದು ಕಟ್ಟಿದುದು. ಜಲಾಶಯದ ಗರಿಷ್ಠ ಮಟ್ಟ 124.80 ಅಡಿ, ಹಿಡಿಯುವ ನೀರು ಸುಮಾರು 49 ಟಿ.ಎಂ.ಸಿ.

ಇಂಥ ಗೋಡೆ ಸುಂದರವೆ? ಪ್ರಾಮಾಣಿಕವಾಗಿ ಹೇಳುವುದಾದರೆ, ಸುಂದರವೆಂಬ ಮಾತು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಒಂದೂವರೆ ಮೈಲಿಗೂ ಹೆಚ್ಚಾಗಿ ಒಂದೇ ಸಮನೆ ಹರಿದುಹೋಗುವ ಬೂದುಬಣ್ಣದ ಕಲ್ಲಿನ ಮೈಯಲ್ಲಿ ಕಣ್ಣಿಗೆ ಆಸರೆಯಾಗುವ ಅಂಶಗಳು ಕಡಮೆ. ಕೆಳಗೆ ನಿಂತವನಿಗೆ ಅದು ಆಕಾಶದ ಒಂದು ಭಾಗವನ್ನೇ ಕಳೆಯುತ್ತದೆ. ಕಣ್ಣಿಗೆ ಒಪ್ಪದ ಕಟ್ಟಡವನ್ನು ಮರೆಮಾಡಬೇಕೆನ್ನುವವರಿಗೆ ಇದಕ್ಕಿಂತ ದೊಡ್ಡ ಅವಕಾಶ ನಮ್ಮ ನಾಡಿನಲ್ಲಿ ಮತ್ತೊಂದು ಸಿಕ್ಕುವಂತಿರಲಿಲ್ಲ.

ಆದರೂ ಮಾಡಿದ್ದು ಬೇರೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ, 1927ರಲ್ಲಿ ಪ್ರಾರಂಭವಾಗಿ 1932ರಲ್ಲಿ ಮುಗಿದ ಈ ತೋಟಕ್ಕೆ ಕಾಶ್ಮೀರದ ಶಾಲಿಮಾರ್ ಮಾದರಿಯಾಯಿತು. ಜರ್ಮನಿಯ ಉದ್ಯಾನಶಿಲ್ಪಿ ಜಿ. ಎಚ್. ಕ್ರುಂಬಿಗಲ್ ಅವರ ಹೆಸರೂ ಇದರೊಡನೆ ಸೇರಿಬಂದಿದೆ. ಮೊದಲು ಕೃಷ್ಣರಾಜೇಂದ್ರ ಟೆರೇಸ್ ಗಾರ್ಡನ್ ಎಂಬ ಹೆಸರಿದ್ದುದು ತೋಟದ ರಚನಾಕ್ರಮವನ್ನೇ ಹೇಳುತ್ತದೆ: ಮೆಟ್ಟಿಲು ಮೆಟ್ಟಿಲಾದ ಹಂತಗಳು, ನಡುವೆ ಹರಿಯುವ ನೀರು, ಎರಡು ಪಕ್ಕಗಳಲ್ಲಿ ಸಮವಾದ ಹೂಪಾತಿಗಳು.

ಈ ಮಾದರಿಯನ್ನು ಆರಿಸಿಕೊಂಡುದರ ಔಚಿತ್ಯವನ್ನು ಸಾಕಷ್ಟು ಮಂದಿ ಗಮನಿಸಿದಂತಿಲ್ಲ. ಜಹಾಂಗೀರನು 1619ರಲ್ಲಿ ಪ್ರಾರಂಭಿಸಿದ ಶಾಲಿಮಾರ್ ಬೆಟ್ಟದ ತಪ್ಪಲಿನ ತೋಟ. ಹಿಂದೆ ಬೆಟ್ಟ, ಬೆಟ್ಟದಿಂದ ಇಳಿಯುವ ನೀರು, ನೀರಿನ ಇಳಿತಕ್ಕೆ ತಕ್ಕಂತೆ ತೋಟದ ಹಂತಗಳು. ಬೆಟ್ಟವಿಲ್ಲದ ಬಯಲಿನಲ್ಲಿ ಆ ತೋಟವನ್ನು ಅನುಕರಿಸಿದರೆ ಅದು ಬರಿಯ ವಿನ್ಯಾಸವಾಗುತ್ತದೆ; ಕಾರಣ ಕಳೆದುಹೋಗಿ ಕಾರ್ಯ ಮಾತ್ರ ಉಳಿಯುತ್ತದೆ. ಮಂಡ್ಯದ ಸೀಮೆಯಲ್ಲಿ ಬೆಟ್ಟದ ಸ್ಥಾನವನ್ನು ತುಂಬಬಲ್ಲ ವಸ್ತು ಯಾವುದು? ಕಟ್ಟೆಯೇ. ಅದರ ಹಿಂದೆ ನೀರಿದೆ, ಎತ್ತರದಲ್ಲಿದೆ, ಕೆಳಗಿಳಿಯಲು ಕಾದಿದೆ. ತೋಟಗಾರನು ಆ ಗೋಡೆಯನ್ನು ಬೆಟ್ಟವೆಂದು ಎಣಿಸಿ ತಪ್ಪಲಿನಲ್ಲಿ ತೋಟ ಹಾಕಿದನು. ಗೋಡೆಯ ಮುಂದೆ ಹುಸಿಬಂಡೆಗಳನ್ನು ಜೋಡಿಸಲಿಲ್ಲ. ಮಂಟಪಗಳ ಚಿತ್ರ ಬರೆಯಲಿಲ್ಲ. ಗೋಡೆ ಗೋಡೆಯಾಗಿಯೇ ನಿಂತು ಬೆಟ್ಟದ ಕೆಲಸವನ್ನೂ ಮಾಡಿತು. ಇದು ರೂಪಕ. ಹೂಪಾತಿಯಿಂದ ತಲೆಯೆತ್ತಿದವನಿಗೆ ಈ ಎಲ್ಲ ನೀರೂ ಹಸುರೂ ಎಲ್ಲಿಂದ ಬಂದಿತೆಂಬುದಕ್ಕೆ ಉತ್ತರ ಕಣ್ಣೆದುರಿಗೇ ಇದೆ.

ಇದೇ ಔದಾರ್ಯಕ್ಕೆ ಇನ್ನೊಂದು ಸಾಕ್ಷಿಯಿದೆ. ಕಾವೇರಿಗೆ ಕಟ್ಟೆ ಹಾಕುವ ಸಂಕಲ್ಪವನ್ನು ಹೇಳುವ ಟಿಪ್ಪು ಸುಲ್ತಾನನ ಪಾರಸಿ ಶಾಸನವೊಂದು ಇಲ್ಲಿ ದೊರೆಯಿತು. ಹೊಸ ಕಟ್ಟೆಯ ಕೀರ್ತಿಗೆ ಹಳೆಯವನ ಹೆಸರು ಅಡ್ಡಬರುವುದೆಂದು ಅದನ್ನು ಅಡಗಿಸಬಹುದಾಗಿತ್ತು. ಅಡಗಿಸದೆ ಕಟ್ಟೆಯ ಪ್ರವೇಶದಲ್ಲಿ ಎಲ್ಲರೂ ಕಾಣುವಂತೆ ನಿಲ್ಲಿಸಿದರು.

4

ಹೀಗೆಂದ ಮಾತ್ರಕ್ಕೆ ಬೃಂದಾವನದಲ್ಲಿ ಮರೆಯೇ ಇಲ್ಲವೆಂದಲ್ಲ. ಮೊದಲನೆಯದು ರಾತ್ರಿಯ ಮರೆ. ಈ ತೋಟದ ಖ್ಯಾತಿಗೆ ಮುಖ್ಯ ಕಾರಣ ಸಂಜೆಯ ದೀಪಾಲಂಕಾರ. ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯಿಂದ ವಿದ್ಯುತ್ತನ್ನು ಪಡೆದ ಮೈಸೂರು, ತನ್ನ ಹೆಮ್ಮೆಯನ್ನು ಇಲ್ಲಿ ಬಣ್ಣಬಣ್ಣದ ಕಾರಂಜಿಗಳಲ್ಲಿ ಮೆರೆಸಿತು. ಬೆಳಕು ಬಿದ್ದಲ್ಲಿ ಮಾತ್ರ ಲೋಕ, ಉಳಿದುದು ಕತ್ತಲೆ. ಹಗಲೆಲ್ಲ ತೋಟವನ್ನು ಆಳುತ್ತಿದ್ದ ಗೋಡೆ ರಾತ್ರಿ ಹಿಂದಕ್ಕೆ ಸರಿದು ರಂಗಸ್ಥಳದ ತೆರೆಯಾಗುತ್ತದೆ. ಸಂಜೆ ಬಸ್ಸಿನಿಂದಿಳಿದು ಕಾರಂಜಿಯನ್ನು ನೋಡಿ ಹಿಂದಿರುಗುವ ಯಾತ್ರಿಕನಿಗೆ ರೂಪಕದ ಅರ್ಧ ಭಾಗ ತಪ್ಪಿಹೋಗುತ್ತದೆ. ನಮ್ಮ ವಿದ್ಯಾರ್ಥಿಗಳು ಈ ತೋಟವನ್ನು ಒಮ್ಮೆಯಾದರೂ ಹಗಲಿನಲ್ಲಿ ನೋಡಬೇಕೆಂದು ನಾವು ಹೇಳುವುದು ಈ ಕಾರಣದಿಂದ.

ಎರಡನೆಯದು ಹೆಸರಿನ ಮರೆ. ಇದು ಹೆಚ್ಚು ಗಂಭೀರವಾದುದು. ಕನ್ನಂಬಾಡಿ ಎಂಬುದು ಒಂದು ಊರು. ಅಲ್ಲಿ ಹೊಯ್ಸಳರ ಕಾಲದ, ಹನ್ನೆರಡನೆಯ ಶತಮಾನದ, ವೇಣುಗೋಪಾಲಸ್ವಾಮಿಯ ದೇವಾಲಯವಿತ್ತು. ನೀರು ಏರಿದಾಗ ಊರೂ ಗುಡಿಯೂ ನೆರೆಯ ಹಳ್ಳಿಗಳೂ ಮುಳುಗಿದವು. ಜನ ಎತ್ತರದ ನೆಲಕ್ಕೆ ಹೋಗಿ ಹೊಸ ಕನ್ನಂಬಾಡಿಯನ್ನು ಕಟ್ಟಿಕೊಂಡರು. ಮಳೆ ಸೋತ ವರ್ಷಗಳಲ್ಲಿ ನೀರು ಇಳಿದಾಗ ಹಳೆಯ ಗುಡಿ ತಲೆದೋರುತ್ತಿತ್ತು. ಈ ಶತಮಾನದಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ ತಂದು ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯ ದಡದಲ್ಲಿ ಮರಳಿ ನಿಲ್ಲಿಸಿದ್ದಾರೆ. ಕಟ್ಟೆಯ ಮೇಲ್ಗಡೆ ಕೊಳಲೂದುವ ಕೃಷ್ಣನ ಗುಡಿ ನೀರಿನಲ್ಲಿ ಮುಳುಗಿದುದು. ಕೆಳಗಡೆ ಎದ್ದ ತೋಟಕ್ಕೆ ಬೃಂದಾವನವೆಂಬ ಹೆಸರು ಬಂದುದು. ಕೃಷ್ಣರಾಜನ ಸಾಗರಕ್ಕೆ ಕೃಷ್ಣನ ವನ ಜೊತೆಯಾಯಿತೆಂಬ ಶ್ಲೇಷವನ್ನು ಎಲ್ಲರೂ ಮೆಚ್ಚುತ್ತಾರೆ. ಆ ಶ್ಲೇಷದ ಅಡಿಯಲ್ಲಿ ಮೂರನೆಯ ಕೃಷ್ಣನೊಬ್ಬನಿದ್ದಾನೆ, ಕನ್ನಂಬಾಡಿಯವನು. ಹೆಸರಿಟ್ಟವರು ಅದನ್ನು ಉದ್ದೇಶಿಸಿದರೆಂದು ನಾವು ಹೇಳುವುದಿಲ್ಲ. ಉದ್ದೇಶಿಸದಿದ್ದರೂ ಕೃತಿಯಲ್ಲಿ ಆ ಧ್ವನಿಯಿದೆ. ಆದರೆ ತೋಟದ ರಚನೆಯಲ್ಲಿ ಅದಕ್ಕೆ ಆಧಾರವಾಗುವ ಸ್ಥಾನ ದೊರೆಯಲಿಲ್ಲ. ತೋಟದಲ್ಲಿ ನಿಂತವನಿಗೆ ಕಟ್ಟೆ ಕಾಣುತ್ತದೆ. ಕಟ್ಟೆಯಾಚೆಯ ನೀರು ಕಾಣದು. ನೀರಿನಡಿಯ ಊರಂತೂ ಊಹೆಗೂ ಬಾರದು. ಇದನ್ನು ನಾವು ಬೃಂದಾವನದ ದೋಷವೆಂದೇ ಎಣಿಸುತ್ತೇವೆ.

ನೋಟಕ್ಕಾಗಿ ಊರನ್ನೇ ಸರಿಸಿದ ಉದಾಹರಣೆ ಇಂಗ್ಲೆಂಡಿನಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಡಾರ್ಸೆಟ್ ಸೀಮೆಯ ಪ್ರಭು ಲಾರ್ಡ್ ಮಿಲ್ಟನ್ ತನ್ನ ಮನೆಯ ಬಳಿಯಿದ್ದ ಪಟ್ಟಣವನ್ನು ಕೆಡವಿಸಿ, ಜನರನ್ನು ಕಣ್ಮರೆಯ ಕಣಿವೆಯಲ್ಲಿ ಕಟ್ಟಿಸಿದ ಮಿಲ್ಟನ್ ಆಬಸ್ ಎಂಬ ಹೊಸ ಹಳ್ಳಿಗೆ ಸಾಗಿಸಿದನು. ಕನ್ನಂಬಾಡಿಯನ್ನು ಇದರೊಡನೆ ಸಮಗಟ್ಟುವುದು ಅನ್ಯಾಯ. ಇಲ್ಲಿ ಊರು ಹೋದುದು ನೋಟಕ್ಕಾಗಿ ಅಲ್ಲ, ನೀರಿಗಾಗಿ. ಇರ್ವಿನ್ ನಾಲೆಯೆಂದು ಕರೆಸಿಕೊಂಡು ಮುಂದೆ ವಿಶ್ವೇಶ್ವರಯ್ಯ ನಾಲೆಯಾದ ಕಾಲುವೆ ಮಂಡ್ಯದ ಬಯಲಿಗೆ ಅನ್ನ ತಂದಿತು. ಆದರೆ ಕಾರಣ ಎಷ್ಟೇ ಶ್ಲಾಘ್ಯವಾದರೂ ಕಳೆದುಕೊಂಡವರ ಋಣ ತೀರುವುದಿಲ್ಲ; ತೆತ್ತ ಬೆಲೆಯನ್ನು ಹೇಳದ ಸ್ಮಾರಕ ಪೂರ್ಣವಾದ ಸ್ಮಾರಕವೂ ಅಲ್ಲ.

ಹೆಸರಿನ ಮರೆ ಈ ಸೀಮೆಗೆ ಹೊಸದಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಪಾಂಡವಪುರವು ಮೊದಲು ಹಿರೋಡೆ; ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟುದರಿಂದ ಫ್ರೆಂಚ್ ರಾಕ್ಸ್; ಅನಂತರ ಕುಂತಿಬೆಟ್ಟದ ಐತಿಹ್ಯದಿಂದ ಪಾಂಡವಪುರ. ಬಂಡೆಗಳು ಅವೇ, ಅವುಗಳ ಮೇಲೆ ಹೊದಿಸಿದ ಕಥೆ ಬೇರೆಬೇರೆ. ಆದರೂ ಇಲ್ಲಿ ಒಂದು ಹೆಸರು ಮತ್ತೊಂದನ್ನು ಅಳಿಸಿಲ್ಲ. ಹಿರಿಯರು ಇಂದಿಗೂ ಮೂರನ್ನೂ ಬಲ್ಲರು.

5

ಮರೆಯಿಂದ ಮರೆಗೆ ಎಷ್ಟು ಅಂತರವಿದೆಯೆಂಬುದನ್ನು ತಿಳಿಯಲು ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋಗಬೇಕು. 1784ರ ಈ ಬೇಸಗೆಯರಮನೆಯ ಗೋಡೆಗಳ ಮೇಲೆ 1780ರ ಪೊಲ್ಲಿಲೂರು ಯುದ್ಧದ ಪ್ರಸಿದ್ಧವಾದ ಚಿತ್ರವಿದೆ. ಬಿಸಿಲಿಗೆ ಬಣ್ಣ ಮಾಸಬಾರದೆಂದು ಸುತ್ತಲೂ ಹಸುರು ತೆರೆಗಳನ್ನು ಇಳಿಬಿಟ್ಟಿದ್ದಾರೆ. ಹೊರಗಿನಿಂದ ನೋಡಿದರೆ ಇದೇನು ಉಗ್ರಾಣವೋ ಎನಿಸುತ್ತದೆ. ಇಲ್ಲಿ ಕುರೂಪವೇ ಸುರೂಪವನ್ನು ಮರೆಮಾಡಿದೆ, ಕಾಪಾಡುವುದಕ್ಕಾಗಿ. ಇದನ್ನು ಯಾರೂ ದೂರುವುದಿಲ್ಲ. ಆದುದರಿಂದ ಮರೆಮಾಡುವುದು ತನ್ನಷ್ಟಕ್ಕೆ ಗುಣವೂ ಅಲ್ಲ, ದೋಷವೂ ಅಲ್ಲ. ಯಾವುದನ್ನು, ಯಾರಿಂದ, ಯಾವ ಪ್ರಯೋಜನಕ್ಕಾಗಿ ಮರೆಮಾಡಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ತೀರ್ಪು ಸಾಧ್ಯ.

ಈ ಪ್ರಶ್ನೆಗಳು ಬರಿಯ ಶಾಸ್ತ್ರಚರ್ಚೆಯಲ್ಲ. 2018ರಲ್ಲಿ ಕೃಷ್ಣರಾಜಸಾಗರವನ್ನು ಡಿಸ್ನಿಲ್ಯಾಂಡಿನ ಮಾದರಿಯಲ್ಲಿ ಬೆಳೆಸುವ, 125 ಅಡಿ ಎತ್ತರದ ಕಾವೇರಿಯ ಪ್ರತಿಮೆಯನ್ನು ನಿಲ್ಲಿಸುವ ಯೋಜನೆಯನ್ನು ಸರ್ಕಾರ ಪ್ರಕಟಿಸಿತು. 2024ರ ಜುಲೈ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟ ಸುಮಾರು 2,660 ಕೋಟಿ ರೂಪಾಯಿಗಳ ಅಂದಾಜಿನಲ್ಲಿ, ಖಾಸಗಿಯವರ ಸಹಭಾಗಿತ್ವದಿಂದ, ಬೃಂದಾವನವನ್ನು ಮೇಲ್ದರ್ಜೆಗೇರಿಸುವುದಕ್ಕೆ ಒಪ್ಪಿಗೆಯಿತ್ತಿತು. ಅದೇ ವರ್ಷದ ಜನವರಿಯಲ್ಲಿ, ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಳ ಸಿಡಿತದಿಂದ ಕಟ್ಟೆಗೆ ಅಪಾಯವೆಂಬ ಆತಂಕದ ಹಿನ್ನೆಲೆಯಲ್ಲಿ, ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ ಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ಕೂಡದೆಂದು ಉಚ್ಚ ನ್ಯಾಯಾಲಯ ಆಜ್ಞೆ ಮಾಡಿತ್ತು. 2025ರಲ್ಲಿ ರೈತ ಸಂಘಟನೆಗಳು ವಿಹಾರವನದ ಯೋಜನೆಯನ್ನು ವಿರೋಧಿಸಿದಾಗ ಅವರು ಮುಂದಿಟ್ಟ ಮುಖ್ಯ ವಾದವೂ ಕಟ್ಟೆಯ ಭದ್ರತೆಯೇ.

ಎಂಜಿನಿಯರುಗಳು ತೀರ್ಮಾನಿಸಬೇಕಾದುದನ್ನು ನಾವು ತೀರ್ಮಾನಿಸಹೊರಡುವುದಿಲ್ಲ. ಕೃತಿಯ ದೃಷ್ಟಿಯಿಂದ ಮಾತ್ರ ಎರಡು ಮಾತುಗಳನ್ನು ಹೇಳಬಹುದು. 130 ಅಡಿಯ ಕಟ್ಟೆಯ ಬಳಿ 125 ಅಡಿಯ ಪ್ರತಿಮೆ ನಿಂತರೆ ಕಣ್ಣು ಪ್ರತಿಮೆಯ ಕಡೆಗೆ ಹೋಗುವುದು ಸಹಜ. ಈಗ ಬೆಟ್ಟವಾಗಿರುವ ಗೋಡೆ ಆಗ ಹಿನ್ನೆಲೆಯಾಗುತ್ತದೆ. ಕಾವೇರಿ ಎಲ್ಲಿದ್ದಾಳೆಂದು ಕೇಳಿದ ಮಗುವಿಗೆ ತಾಯಿ ಬೊಮ್ಮೆಯನ್ನು ತೋರಿಸಿಯಾಳು. ನಿಜವಾದ ಕಾವೇರಿ ಗೋಡೆಯ ಹಿಂದೆ ಕಾಣದೆ ನಿಂತಿರುತ್ತಾಳೆ. ಇದು ರೂಪಕವನ್ನು ಅಪಹ್ನುತಿಯಾಗಿ ಮಾರ್ಪಡಿಸಿದಂತೆ. ಇನ್ನೊಂದು, ವಯಸ್ಸಾದ ಕಟ್ಟೆಯ ಮೈ ಎಲ್ಲರ ಕಣ್ಣಿಗೂ ಬೀಳುತ್ತಿರಬೇಕು. ನಾಲೆಯ ನೀರನ್ನು ನಂಬಿ ಬದುಕುವ ರೈತನು ತೋಟದ ಪ್ರೇಕ್ಷಕನಲ್ಲ, ಆಟಕ್ಕೆ ಒಪ್ಪಿದವನಲ್ಲ. ಅವನು ಬಂದು ತಲೆಯೆತ್ತಿ ನೋಡಿದಾಗ ಅವನಿಗೆ ಕಲ್ಲು ಕಲ್ಲಾಗಿಯೇ ಕಾಣಬೇಕು. ಬಣ್ಣದ ಹೊದಿಕೆ ಎಷ್ಟೇ ಚೆಲುವಾಗಿದ್ದರೂ ಆ ಗೋಡೆಗೆ ಒಪ್ಪದು.

6

ಇಲ್ಲಿಯವರೆಗಿನ ವಿವೇಚನೆಯನ್ನು ಸಂಗ್ರಹಿಸೋಣ. ಪ್ರೇಕ್ಷಕನು ಬಲ್ಲವನಾಗಿ ಒಪ್ಪಿದ ಕಡೆ ಅಪಹ್ನುತಿ ಸೊಗಸು. ಅವನಿಗೆ ತಿಳಿಯಬೇಕಾದುದನ್ನು ಅವನಿಂದ ಕಿತ್ತುಕೊಳ್ಳುವ ಕಡೆ ದೋಷ. ಬೇಲಿ ಬಾಗಿಲುಗಳಂಥ ಅಲ್ಪವಸ್ತುಗಳಿಗೆ ಮೀಲಿತ ಸಾಕು. ನಾಡಿನ ಬದುಕನ್ನು ಹೊತ್ತ ಮಹಾವಸ್ತುವಿಗೆ ತಕ್ಕುದು ರೂಪಕ; ಅದು ವಸ್ತುವನ್ನು ಅಡಗಿಸದೆ ಅದಕ್ಕೆ ಮತ್ತೊಂದು ಅರ್ಥವನ್ನು ಕೊಡುತ್ತದೆ. ಬೃಂದಾವನದ ಕರ್ತೃಗಳು ಅದನ್ನು ಬಹುಮಟ್ಟಿಗೆ ಸಾಧಿಸಿದರು. ಮುಳುಗಿದ ಊರಿನ ವಿಷಯದಲ್ಲಿ ಸೋತರು.

ಹೊಸದಾಗಿ ತೋಟವನ್ನು ತಿದ್ದುವವರು ಆ ಸೋಲನ್ನು ತುಂಬಬಲ್ಲರು. ಅದಕ್ಕೆ ಕೋಟಿಗಳು ಬೇಕಾಗಿಲ್ಲ. ಹಗಲು ಹೊತ್ತಿನಲ್ಲಿ ಕಟ್ಟೆಯನ್ನು ನೆಮ್ಮದಿಯಾಗಿ ನೋಡಲು ಒಂದು ಎಡೆ, ಮುಳುಗಿದ ಹಳ್ಳಿಗಳ ಹೆಸರುಗಳನ್ನು ಕೆತ್ತಿದ ಒಂದು ಕಲ್ಲು, ಹೊಸ ಕನ್ನಂಬಾಡಿಯ ಗುಡಿಗೆ ದಾರಿ ತೋರಿಸುವ ಒಂದು ಹಲಗೆ. ಟಿಪ್ಪುವಿನ ಶಾಸನವನ್ನು ಬಾಗಿಲಲ್ಲಿ ನಿಲ್ಲಿಸಿದವರ ಮನಸ್ಸು ಇದ್ದರೆ ಇಷ್ಟು ಕಷ್ಟವಾಗಲಾರದು. ಕನ್ನಂಬಾಡಿಯ ವೇಣುಗೋಪಾಲನಿಗೆ ಆ ಹೆಸರುಗಳ ಸಾಲಿನಲ್ಲಾದರೂ ಬೃಂದಾವನದೊಳಗೆ ಜಾಗ ಸಿಕ್ಕಬೇಕು.